ಮೂರು ವರ್ಷದ ಲೆಕ್ಕ, ಕೈಗೆ ಬಂದ ಕೆಲಸದ ಲೆಕ್ಕ

ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 22ರಂದು ನಿಂತ ಬೆಂಗಳೂರಿನ ನಮ್ಮ ಮೆಟ್ರೊ ಹಸಿರು ಮಾರ್ಗದಲ್ಲಿ ಮತ್ತೆ ಓಡಿದ್ದು ಸೆಪ್ಟೆಂಬರ್ ಎರಡನೆಯ ವಾರದಲ್ಲಿ. ಆಗ ಆ ಮಾರ್ಗಕ್ಕೆ ಉತ್ತರದ ಕೊನೆಯ ನಿಲ್ದಾಣ ನಾಗಸಂದ್ರ. ಅಲ್ಲಿ ಹತ್ತಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ಎದುರಿಗೇ ವಿಕ್ಟೋರಿಯಾ ಆಸ್ಪತ್ರೆಯ ಆವರಣ. 1958ರಲ್ಲಿ ಶುರುವಾದ ಸರ್ಕಾರಿ ದಂತ ಕಾಲೇಜು ಇರುವುದು ಆ ಆವರಣದಲ್ಲೇ. ನಡುವೆ ಯಶವಂತಪುರದಲ್ಲಿ ಇಳಿದವರಿಗೆ ರಾಮಯ್ಯ ಸಂಸ್ಥೆಯ ದಂತ ಕಾಲೇಜು ಹತ್ತಿರ. ಬಸ್ಸು ಹಿಡಿದರೆ ಹೆಬ್ಬಾಳದ ಚೋಳನಗರದಲ್ಲಿ ಶ್ರೀ ರಾಜೀವ್ ಗಾಂಧಿ ದಂತ ಕಾಲೇಜು, ಯಲಹಂಕ ದಾಟಿದರೆ ಹುಣಸಮಾರನಹಳ್ಳಿಯಲ್ಲಿ ಕೃಷ್ಣದೇವರಾಯ ದಂತ ಕಾಲೇಜು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ, ದಾಸರಹಳ್ಳಿ, ನಾಗಸಂದ್ರದ ಬಾಡಿಗೆ ಮನೆಗಳಲ್ಲಿ ಇರುವವರಿಗೆ ದಂತ ಕಾಲೇಜು ಎಂದರೆ ಕೈಗೆಟಕುವ ದರದ ಆಸ್ಪತ್ರೆ. ಖಾಸಗಿ ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್‌ಗೆ ಕೇಳುವ ಹಣ ಕಂಡು ಹಿಂದೆ ಸರಿದವರು ಹೋಗುವುದು ಅಲ್ಲಿಗೇ. ರೈಲು, ಬಸ್ಸು ನಿಂತರೆ ಇಂಥವರಿಗೆ ಚಿಕಿತ್ಸೆ ತಪ್ಪುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಇವರ ಬಾಯಿಯಲ್ಲಿ ಕೆಲಸ ಕಲಿಯಬೇಕಾಗಿದ್ದ ವೈದ್ಯರಿಗೆ ಪಾಠವೂ ತಪ್ಪಿತು ಎಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ. ಕೋವಿಡ್ ಕಾಲದಲ್ಲಿ ತರಬೇತಿ ಪಡೆದ ತಜ್ಞ ದಂತವೈದ್ಯರಿಗೆ ಎಲ್ಲರಂತೆ ಮೂರು ವರ್ಷ ಸಿಕ್ಕಿತು. ಆ ವರ್ಷಗಳೊಳಗೆ ಸಿಗಬೇಕಾದ ಕೆಲಸ ಸಿಗಲಿಲ್ಲ. ನಮ್ಮ ವ್ಯವಸ್ಥೆ ವರ್ಷಗಳನ್ನು ಎಣಿಸಿ ಪದವಿ ಕೊಡುತ್ತದೆಯೇ ಹೊರತು ಕೈಗೆ ಬಂದ ಕೆಲಸವನ್ನು ತೂಗಿ ನೋಡುವುದಿಲ್ಲ. ಆದ್ದರಿಂದ ಆ ಕೊರತೆ ಯಾವ ಕಡತದಲ್ಲೂ ದಾಖಲಾಗಲಿಲ್ಲ.

ಹಲ್ಲಿನ ಡಾಕ್ಟರು ಎಂದರೆ ಬಿಡಿಎಸ್ ಮಾಡಿದವರು. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅದರ ಮೇಲೆ ಮೂರು ವರ್ಷದ ಎಂಡಿಎಸ್ ಮುಗಿಸಿದವರು ತಜ್ಞರು. ಇದರಲ್ಲಿ ಒಂಬತ್ತು ವಿಭಾಗಗಳಿವೆ. ಬೇರುನಾಳದ ಚಿಕಿತ್ಸೆ, ಒಸಡಿನ ಚಿಕಿತ್ಸೆ, ವಕ್ರದಂತ ಸರಿಪಡಿಸುವ ಕ್ಲಿಪ್ಪಿನ ಕೆಲಸ, ಕಟ್ಟಿಸುವ ಹಲ್ಲು, ಮಕ್ಕಳ ಹಲ್ಲು, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ಇವು ಜನರಿಗೆ ಗೊತ್ತಿರುವಂಥವು. ಬಾಯಿಯ ರೋಗನಿದಾನ ಮತ್ತು ಎಕ್ಸ್‌ರೇ, ಅಂಗಾಂಶ ಪರೀಕ್ಷೆಯ ರೋಗಶಾಸ್ತ್ರ, ಸಮುದಾಯ ದಂತ ಆರೋಗ್ಯ ಇನ್ನು ಮೂರು. ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ದೇಶದ ಮೊದಮೊದಲ ಖಾಸಗಿ ದಂತ ಕಾಲೇಜುಗಳಲ್ಲೊಂದು ಹುಟ್ಟಿದ್ದು 1965ರಲ್ಲಿ ಮಣಿಪಾಲದಲ್ಲಿ. ಹಾಗಾಗಿ ಈ ತರಬೇತಿಗೆ ಏನಾಯಿತು ಎಂಬ ಪ್ರಶ್ನೆ ದೇಶದ ಬೇರೆ ಯಾವ ರಾಜ್ಯಕ್ಕಿಂತಲೂ ನಮಗೆ ಹೆಚ್ಚು ಹತ್ತಿರದ್ದು.

ಕೊರೊನಾ ಬಂದಾಗ ಎಲ್ಲ ಕಲಿಕೆಯೂ ಕುಂಟಿತು, ದಂತ ವೈದ್ಯಕೀಯದ್ದೇನು ವಿಶೇಷ ಎಂದು ಕೇಳಬಹುದು. ವಿಶೇಷ ಇರುವುದು ಉಪಕರಣದಲ್ಲಿ ಮತ್ತು ಕಟ್ಟಡದಲ್ಲಿ. ಹಲ್ಲು ಕೊರೆಯುವ ಏರೋಟರ್ ನಿಮಿಷಕ್ಕೆ ಮೂರರಿಂದ ನಾಲ್ಕು ಲಕ್ಷ ಸುತ್ತು ತಿರುಗುತ್ತದೆ. ಅಷ್ಟು ವೇಗದಲ್ಲಿ ಹಲ್ಲು ಸುಡದಿರಲಿ ಎಂದು ನೀರು ಚಿಮ್ಮಿಸುತ್ತಲೇ ಇರಬೇಕು. ಆ ನೀರು ಜೊಲ್ಲು, ರಕ್ತದ ಜೊತೆ ಸೇರಿ ಸಣ್ಣ ತುಂತುರಾಗಿ ಗಾಳಿಗೆ ಏರುತ್ತದೆ. ಹಲ್ಲು ಕ್ಲೀನ್ ಮಾಡುವ ಅಲ್ಟ್ರಾಸಾನಿಕ್ ಸ್ಕೇಲರ್ ಕೂಡ ಹೀಗೆಯೇ. ವೈದ್ಯರ ಮುಖ ರೋಗಿಯ ತೆರೆದ ಬಾಯಿಂದ ಒಂದು ಗೇಣು, ಒಂದೂವರೆ ಗೇಣು ದೂರದಲ್ಲಿರುತ್ತದೆ. ರೋಗಿ ಮಾಸ್ಕ್ ಹಾಕಿಕೊಳ್ಳುವ ಪ್ರಶ್ನೆಯೇ ಇಲ್ಲ. ಇನ್ನು ದಂತ ಕಾಲೇಜಿನ ಕ್ಲಿನಿಕ್ಕುಗಳೆಂದರೆ ಉದ್ದುದ್ದದ ಹಾಲ್‌ಗಳು. ಸಾಲಾಗಿ ಚೇರ್‌ಗಳು, ನಡುವೆ ಎದೆಮಟ್ಟದ ಅಡ್ಡಗೋಡೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಬ್ಬ ಅಧ್ಯಾಪಕರು ನಡೆದಾಡುತ್ತಾ ಹತ್ತು ಚೇರ್‌ಗಳ ಮೇಲೆ ಕಣ್ಣಿಡಲು ಹೇಳಿ ಮಾಡಿಸಿದ ವಿನ್ಯಾಸ ಅದು. ಉಸಿರಿನಿಂದ ಹರಡುವ ರೋಗಕ್ಕೂ ಅಷ್ಟೇ ಅನುಕೂಲದ ವಿನ್ಯಾಸ. 2020ರ ಮೇ 19ರಂದು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ಕಂಟೈನ್‌ಮೆಂಟ್ ವಲಯದಲ್ಲಿ ದಂತ ಕ್ಲಿನಿಕ್ಕುಗಳನ್ನು ಮುಚ್ಚಿಸಿತು, ಕೆಂಪು ವಲಯದಲ್ಲಿ ತುರ್ತು ಚಿಕಿತ್ಸೆಗೆ ಮಾತ್ರ ಅವಕಾಶ ಕೊಟ್ಟಿತು. ಆಗಸ್ಟ್ 3ರಂದು ವಿಶ್ವ ಆರೋಗ್ಯ ಸಂಸ್ಥೆ ಕೂಡ, ಸಮುದಾಯದಲ್ಲಿ ಸೋಂಕು ಸಾಕಷ್ಟು ಇಳಿಯುವ ತನಕ ತುರ್ತಲ್ಲದ ದಂತ ಚಿಕಿತ್ಸೆ ಮುಂದೂಡುವುದು ಒಳಿತು ಎಂದು ಸಲಹೆ ಕೊಟ್ಟಿತು. ತುರ್ತು ಎಂದರೆ ಊತ, ರಕ್ತಸ್ರಾವ, ದವಡೆ ಮುರಿತ, ತಡೆಯಲಾಗದ ನೋವು. ತಜ್ಞನೊಬ್ಬ ಕಲಿಯಬೇಕಾದ ಕೆಲಸದ ಬಹುಪಾಲು ಈ ಪಟ್ಟಿಯ ಹೊರಗೇ ಉಳಿಯುತ್ತದೆ.

ದಂತ ಚಿಕಿತ್ಸೆಯಿಂದ ಸೋಂಕು ಹರಡೀತೆಂಬ ಭಯ ಆಧಾರವಿಲ್ಲದ್ದೇನೂ ಆಗಿರಲಿಲ್ಲ, ಆದರೆ ಅಳತೆ ಮೀರಿತ್ತು ಎಂಬುದು ಆಮೇಲೆ ಗೊತ್ತಾಯಿತು. ಅಮೆರಿಕದಲ್ಲಿ 2020ರ ಜೂನ್‌ನಲ್ಲಿ ನಡೆದ ಸಮೀಕ್ಷೆಯಲ್ಲಿ ಸೋಂಕು ತಗಲಿದ್ದ ದಂತವೈದ್ಯರು ಶೇಕಡ 1ಕ್ಕೂ ಕಡಿಮೆ. ಮರುವರ್ಷ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪೂರ್ಣಿಮಾ ಕುಮಾರ್ ಅವರ ತಂಡ ದಂತ ಚಿಕಿತ್ಸೆಯ ತುಂತುರನ್ನು ಪರೀಕ್ಷಿಸಿದಾಗ, ಅದರಲ್ಲಿದ್ದ ಸೂಕ್ಷ್ಮಜೀವಿಗಳ ಮುಖ್ಯ ಮೂಲ ಉಪಕರಣದ ನೀರೇ, ರೋಗಿಯ ಜೊಲ್ಲಿನ ಪಾಲು ಸಣ್ಣದು ಎಂದು ಕಂಡುಬಂತು. ಎನ್95 ಮಾಸ್ಕ್, ಒಳ್ಳೆಯ ಸಕ್ಷನ್, ಹಲ್ಲನ್ನು ಮಾತ್ರ ಹೊರಗೆ ಬಿಟ್ಟು ಉಳಿದ ಬಾಯಿಯನ್ನು ಮುಚ್ಚುವ ರಬ್ಬರ್ ಡ್ಯಾಮ್ ಇವಿಷ್ಟಿದ್ದರೆ ಕೆಲಸ ಮಾಡಬಹುದಿತ್ತು. ಈ ತಿಳಿವಳಿಕೆ 2020ರ ಬೇಸಿಗೆಯಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಮುಚ್ಚಿದ್ದು ತಪ್ಪೆನ್ನಲಾಗದು. ಆದರೆ ಇಂದಿನ ಲೆಕ್ಕಾಚಾರಕ್ಕೆ ಅದು ಮುಖ್ಯ: ಕಳೆದುಹೋದ ತಿಂಗಳುಗಳಲ್ಲಿ ಒಂದು ಭಾಗವನ್ನಾದರೂ ಮುಂದಿನ ಸಲ ಉಳಿಸಿಕೊಳ್ಳಬಹುದು.

ಯಾರು ಬರಲಿಲ್ಲ ಎಂಬುದನ್ನು ವಿಭಾಗ ವಿಭಾಗವಾಗಿ ನೋಡಿದರೆ ನಷ್ಟದ ನಿಜವಾದ ಆಕಾರ ಕಾಣುತ್ತದೆ. ಕಟ್ಟಿಸುವ ಹಲ್ಲಿನ ವಿಭಾಗದಲ್ಲಿ ಪೂರ್ತಿ ಹಲ್ಲುಸೆಟ್ಟು ಮಾಡುವುದು ಮೊದಲ ಪಾಠಗಳಲ್ಲೊಂದು. ಅದಕ್ಕೆ ಬೇಕಾದದ್ದು ಹಲ್ಲೆಲ್ಲ ಬಿದ್ದ ವೃದ್ಧರು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲುಸೆಟ್ಟು ಕೊಡುವ ರಾಜ್ಯದ ದಂತಭಾಗ್ಯ ಯೋಜನೆಯೂ ನಡೆಯುವುದು ದಂತ ಕಾಲೇಜುಗಳ ಮೂಲಕ. ಒಂದು ಸೆಟ್ಟಿಗೆ ನಾಲ್ಕೈದು ಸಲ ಬರಬೇಕು: ಅಚ್ಚು ತೆಗೆಯಲು, ದವಡೆಯ ಅಳತೆಗೆ, ಮೇಣದಲ್ಲಿ ಜೋಡಿಸಿದ ಹಲ್ಲು ಇಟ್ಟು ನೋಡಲು, ಕೊನೆಗೆ ಕೂರಿಸಲು, ಆಮೇಲೆ ಒತ್ತುವ ಜಾಗ ತಿದ್ದಿಸಲು. ಮನೆ ಬಿಟ್ಟು ಹೊರಗೆ ಕಾಲಿಡಬೇಡಿ ಎಂದು ಸರ್ಕಾರ ಎಲ್ಲರಿಗಿಂತ ಹೆಚ್ಚಾಗಿ ಹೇಳಿದ್ದು ಇದೇ ಹಿರಿಯರಿಗೆ. ಮಕ್ಕಳ ಹಲ್ಲಿನ ವಿಭಾಗಕ್ಕೆ ರೋಗಿಗಳು ಸಿಗುವುದು ಶಾಲೆಗಳ ತಪಾಸಣಾ ಶಿಬಿರಗಳಿಂದ. ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಅಳುವ ಮಗುವನ್ನು ಚೇರ್‌ನಲ್ಲಿ ಕೂರಿಸಿ ಸಮಾಧಾನಪಡಿಸುವ ವಿದ್ಯೆ ಕಲಿಯಬೇಕಾದವರಿಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಆ ದಾರಿ ಮುಚ್ಚಿತ್ತು. ಇನ್ನು ಬಾಯಿಯ ರೋಗನಿದಾನ ವಿಭಾಗ: ರಾಜ್ಯದ ವಯಸ್ಕರಲ್ಲಿ ಶೇಕಡ 16ರಷ್ಟು ಮಂದಿ ಹೊಗೆರಹಿತ ತಂಬಾಕು ಬಳಸುವವರು ಎಂದು 2016–17ರ ರಾಷ್ಟ್ರೀಯ ಸಮೀಕ್ಷೆ ಹೇಳುತ್ತದೆ. ಇವರ ಬಾಯಿಯ ಬಿಳಿ ಮಚ್ಚೆ, ಆರದ ಹುಣ್ಣು ಮೊದಲು ಕಣ್ಣಿಗೆ ಬೀಳುವುದು ಕಾಲೇಜಿನ ಓಪಿಡಿಯಲ್ಲಿ. ಓಪಿಡಿ ಬಡವಾದಾಗ ರೋಗಿಯ ಕ್ಯಾನ್ಸರ್ ಪತ್ತೆಯೂ ತಡವಾಯಿತು, ಅದನ್ನು ಗುರುತಿಸಲು ಕಲಿಯುವ ಕಣ್ಣಿಗೂ ಅಭ್ಯಾಸ ತಪ್ಪಿತು.

ಕ್ಲಿಪ್ಪಿನ ವಿಭಾಗದ ಕಷ್ಟ ಬೇರೆ ಬಗೆಯದು. ವಕ್ರದಂತದ ಚಿಕಿತ್ಸೆ ಒಂದೂವರೆ ಎರಡು ವರ್ಷ ಎಳೆಯುತ್ತದೆ. ತಂತಿ ಕಟ್ಟಿದ ಮೇಲೆ ತಿಂಗಳಿಗೊಮ್ಮೆಯಾದರೂ ನೋಡಿ ಬಿಗಿ ಮಾಡಬೇಕು ಇಲ್ಲವೇ ಸಡಿಲಿಸಬೇಕು. ನೋಡುವವರಿಲ್ಲದಿದ್ದರೂ ತಂತಿ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಹಲ್ಲು ಬೇಡದ ಕಡೆಗೂ ಸರಿಯಬಹುದು. ಭಾರತೀಯ ದಂತ ಪರಿಷತ್ತಿನ ನಿಯಮದ ಪ್ರಕಾರ ಈ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿ ಕನಿಷ್ಠ 50 ಹೊಸ ಕೇಸ್ ತಾನೇ ಶುರು ಮಾಡಬೇಕು, ಹಿರಿಯರು ಬಿಟ್ಟುಹೋದ 20 ಕೇಸ್ ಮುಂದುವರಿಸಬೇಕು. 2019ರ ಮಧ್ಯದಲ್ಲಿ ಸೇರಿದವರ ಲೆಕ್ಕ ಹಾಕಿ ನೋಡಿ. ಮೊದಲ ಕೆಲವು ತಿಂಗಳು ತಂತಿ ಬಾಗಿಸುವ ಅಭ್ಯಾಸ, ಮಾದರಿ ದವಡೆಯ ಮೇಲಿನ ಕೆಲಸ. ರೋಗಿಗಳನ್ನು ತೆಗೆದುಕೊಳ್ಳತೊಡಗಿ ಕೈ ಕುದುರುವಷ್ಟರಲ್ಲಿ 2020ರ ಮಾರ್ಚ್ ಬಂತು. ಎರಡನೆಯ ವರ್ಷವಿಡೀ ಮೊದಲ ಅಲೆಯ ಪಾಲಾಯಿತು, ಅದು ಮುಗಿಯುವ ಹೊತ್ತಿಗೆ ಎರಡನೆಯ ಅಲೆ. ಶುರು ಮಾಡಿದ ಕೇಸನ್ನು ಮುಗಿಸಿ, ತಂತಿ ಬಿಚ್ಚಿ, ಹಲ್ಲು ನಿಂತ ಜಾಗದಲ್ಲಿ ನಿಂತಿದೆಯೇ ಎಂದು ನೋಡುವ ಅವಕಾಶ ಅವರಲ್ಲಿ ಎಷ್ಟು ಜನರಿಗೆ ನೆಮ್ಮದಿಯಾಗಿ ಸಿಕ್ಕೀತು? ಚಿಕಿತ್ಸೆ ಶುರು ಮಾಡುವುದು ಒಂದು ಕಲಿಕೆ. ತಾನು ಹಾಕಿದ ಯೋಜನೆ ಎಲ್ಲಿ ತಪ್ಪಿತು ಎಂದು ಕೊನೆಯಲ್ಲಿ ಕಾಣುವುದು ಇನ್ನೊಂದು, ಅದಕ್ಕಿಂತ ದೊಡ್ಡದು.

ಗಡಿಯಲ್ಲಂತೂ ರಸ್ತೆಯೇ ಮುಚ್ಚಿತು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಕೇರಳದ ಗಡಿಯನ್ನು ತಲಪಾಡಿಯಲ್ಲಿ ಬಂದ್ ಮಾಡಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ಕಾಸರಗೋಡಿನ ಕನ್ನಡಿಗರೂ ಮಲಯಾಳಿಗಳೂ ಯಾವ ಚಿಕಿತ್ಸೆಗಾದರೂ ನಂಬಿದ್ದು ಮಂಗಳೂರನ್ನು. ಆ ರಸ್ತೆಗಾಗಿ ವಿಷಯ ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಯಿತು. ತಲಪಾಡಿಯಿಂದ ಕೂಗಳತೆಯಲ್ಲೇ ಎನ್ನುವಂತೆ ದೇರಳಕಟ್ಟೆಯಲ್ಲಿ ದಂತ ಕಾಲೇಜುಗಳಿವೆ. ಜೀವ ಉಳಿಸುವ ಚಿಕಿತ್ಸೆಗೇ ದಾರಿ ಇಲ್ಲದ ಹೊತ್ತಿನಲ್ಲಿ ಹಲ್ಲಿಗಾಗಿ ಗಡಿ ದಾಟುವವರು ಯಾರು?

ಕೈಗೆ ಬರುವುದು ಎಂದರೆ ಏನು ಎನ್ನುವುದನ್ನು ಒಂದೇ ಒಂದು ಕೆಲಸವನ್ನು ಹತ್ತಿರದಿಂದ ನೋಡಿ ತಿಳಿಯಬಹುದು. ಮೇಲ್ದವಡೆಯ ಮೊದಲ ದವಡೆಹಲ್ಲಿಗೆ ಮೂರು ಬೇರು. ನಾಳಗಳೂ ಮೂರೇ ಎಂದು ಎಕ್ಸ್‌ರೇ ನೋಡಿದರೆ ಅನ್ನಿಸುತ್ತದೆ. ಆದರೆ ಬಹಳಷ್ಟು ಹಲ್ಲುಗಳಲ್ಲಿ ಮುಂದಿನ ಬೇರಿನೊಳಗೆ ನಾಲ್ಕನೆಯ ನಾಳವೊಂದು ಅಡಗಿರುತ್ತದೆ. ಅದನ್ನು ಬಿಟ್ಟು ರೂಟ್ ಕೆನಾಲ್ ಮುಗಿಸಿದರೆ ಒಳಗೆ ಉಳಿದ ಸೋಂಕು ತಿಂಗಳೋ ವರ್ಷವೋ ಕಳೆದು ಮತ್ತೆ ಕೀವಾಗಿ ಎದ್ದೀತು. ನಾಳದ ಬಾಯಿ ಹುಡುಕುವುದು ಮೊನಚು ಕಡ್ಡಿಯ ತುದಿಯಿಂದ. ಹಲ್ಲಿನೊಳಗಿನ ಕುಳಿಯ ನೆಲವನ್ನು ಮುಟ್ಟುತ್ತಾ ಹೋಗುವಾಗ ಒಂದು ಜಾಗದಲ್ಲಿ ತುದಿ ಸ್ವಲ್ಪವೇ ಸ್ವಲ್ಪ ಸಿಕ್ಕಿಕೊಂಡಂತೆ ಆಗುತ್ತದೆ. ಅಲ್ಲಿಗೆ ಇಳಿಸುವ ಹತ್ತನೆಯ ನಂಬರಿನ ಫೈಲ್‌ನ ತುದಿ ಮಿಲಿಮೀಟರಿನ ಹತ್ತನೆಯ ಒಂದು ಭಾಗ ದಪ್ಪ. ಎಲ್ಲಿ ತಿರುಗಿಸಬೇಕು, ಎಲ್ಲಿ ನಿಲ್ಲಿಸಬೇಕು, ಇನ್ನೊಂದು ಸುತ್ತು ಹಾಕಿದರೆ ಮುರಿದು ಒಳಗೇ ಉಳಿಯುತ್ತದೆಯೇ ಎಂಬುದನ್ನು ಹೇಳುವುದು ಹೆಬ್ಬೆರಳು, ತೋರುಬೆರಳಿನ ಸ್ಪರ್ಶ. ಇದನ್ನು ಬರೆದು ಕಲಿಸಲು ಸಾಧ್ಯವಿಲ್ಲ. ಅಧ್ಯಾಪಕರು ಪಕ್ಕದಲ್ಲಿ ನಿಂತು, ಅದೇ ಫೈಲ್ ತಾವು ಹಿಡಿದು ನೋಡಿ, ಮತ್ತೆ ವಿದ್ಯಾರ್ಥಿಯ ಕೈಗೆ ಕೊಟ್ಟು, ಹೀಗೆ ಹತ್ತಾರು ಹಲ್ಲುಗಳ ಮೇಲೆ ಆಗಬೇಕಾದ ಕಲಿಕೆ. ಕ್ಲಿನಿಕ್ ಮತ್ತೆ ತೆರೆದ ಮೇಲೂ ಎರಡು ಜೊತೆ ಗ್ಲೌಸ್, ಪಿಪಿಇ ಕಿಟ್ಟಿನೊಳಗೆ ಬೆವರು, ಫೇಸ್ ಶೀಲ್ಡಿನ ಒಳಗೆ ಕಟ್ಟುವ ಮಂಜು, ಒಬ್ಬ ರೋಗಿ ಎದ್ದ ಮೇಲೆ ಮುಂದಿನವರನ್ನು ಕೂರಿಸುವ ಮುನ್ನ ಗಾಳಿಯಾಡಲು ಬಿಡುವ ಸಮಯ ಇವೆಲ್ಲ ಸೇರಿ ದಿನಕ್ಕೆ ಸಿಗುವ ಕೇಸ್‌ಗಳನ್ನೂ ಇಳಿಸಿದವು, ಪ್ರತಿ ಕೇಸಿನಿಂದ ಕಲಿಯುವುದನ್ನೂ ಇಳಿಸಿದವು. ಅಧ್ಯಾಪಕರೂ ದೂರವೇ ನಿಂತರು.

ಸಿಕ್ಕಿದ್ದೇನೂ ಇಲ್ಲವೆಂದರೆ ಅನ್ಯಾಯವಾದೀತು. ದಂತವೈದ್ಯರನ್ನೂ ವಿದ್ಯಾರ್ಥಿಗಳನ್ನೂ ಗಂಟಲದ್ರವ ತೆಗೆಯಲು, ಜ್ವರ ತಪಾಸಣೆಗೆ, ಕೋವಿಡ್ ಕೇಂದ್ರಗಳ ಕೆಲಸಕ್ಕೆ ಹಚ್ಚಲಾಯಿತು. ನಾಗಸಂದ್ರದಿಂದ ಸ್ವಲ್ಪ ಮುಂದೆ, ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ 2020ರ ಜುಲೈನಲ್ಲಿ 10,100 ಹಾಸಿಗೆಗಳ ಕೋವಿಡ್ ಆರೈಕೆ ಕೇಂದ್ರಕ್ಕೆ ಯೋಜನೆ ಹಾಕಿದ್ದನ್ನು ನೆನೆದರೆ ಆಗ ಕೈಗಳಿಗೆ ಎಷ್ಟು ಅಭಾವವಿತ್ತು ಎಂಬುದು ತಿಳಿಯುತ್ತದೆ. ಈ ಸೇವೆ ಮಾಡಿದವರಿಗೆ ಸಮಾಜ ಋಣಿ. ಇನ್ನು 2021ರ ಬೇಸಿಗೆಯಲ್ಲಿ ಬ್ಲ್ಯಾಕ್ ಫಂಗಸ್ ಬಂತು. ಆ ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣಗಳು. ಬೆಂಗಳೂರಿನಲ್ಲಿ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಅದಕ್ಕೆ ಗೊತ್ತುಮಾಡಿದ ಜಾಗಗಳಲ್ಲೊಂದು. ಮೇಲಿನ ಹಲ್ಲುಗಳು ಇದ್ದಕ್ಕಿದ್ದಂತೆ ಅಲುಗಾಡುವುದು, ಅಂಗುಳ ಕಪ್ಪಾಗುವುದು, ಕೆನ್ನೆ ಮರಗಟ್ಟುವುದು ಅದರ ಲಕ್ಷಣಗಳು. ಹಾಗಾಗಿ ಎಷ್ಟೋ ರೋಗಿಗಳು ಮೊದಲು ಬಂದದ್ದು ಹಲ್ಲಿನ ಡಾಕ್ಟರ ಹತ್ತಿರ. ಕೊಳೆತ ಮೇಲ್ದವಡೆಯನ್ನು ತೆಗೆಯುವುದರಲ್ಲಿ ದವಡೆ ಶಸ್ತ್ರಚಿಕಿತ್ಸಕರು ಕೈಜೋಡಿಸಿದರು. ತೆಗೆದ ಮೇಲೆ ಬಾಯಿಗೂ ಮೂಗಿಗೂ ನಡುವೆ ಉಳಿದ ರಂಧ್ರ ಮುಚ್ಚಲು ಆಬ್ಚುರೇಟರ್ ಎಂಬ ತಟ್ಟೆ ಮಾಡಿಕೊಟ್ಟವರು ಕಟ್ಟಿಸುವ ಹಲ್ಲಿನ ವಿಭಾಗದವರು. ಕುಡಿದ ನೀರು ಮೂಗಿನಿಂದ ಬರುವುದು ನಿಂತು, ಮಾತು ಮತ್ತೆ ತಿಳಿಯುವಂತಾದದ್ದು ಆ ತಟ್ಟೆಯಿಂದ. ಮಾಮೂಲಿ ಕಾಲದಲ್ಲಿ ಮೂರು ವರ್ಷದಲ್ಲಿ ಒಂದೋ ಎರಡೋ ಕಾಣಬಹುದಾದ ಕೇಸ್‌ಗಳನ್ನು ಕೆಲವರು ಸಾಲಾಗಿ ಕಂಡರು. ಆದರೆ ಇದು ಎರಡು ವಿಭಾಗದವರಿಗೆ, ಅದೂ ದೊಡ್ಡ ಆಸ್ಪತ್ರೆಗಳ ಜೊತೆ ಸಂಪರ್ಕ ಇದ್ದವರಿಗೆ ದಕ್ಕಿದ ಅನುಭವ. ಒಂದೇ ಬ್ಯಾಚಿನಲ್ಲಿ ಒಬ್ಬರಿಗೆ ಅಪರೂಪದ್ದು ಯಥೇಚ್ಛ, ಇನ್ನೊಬ್ಬರಿಗೆ ಸಾಮಾನ್ಯವಾದದ್ದೂ ಇಲ್ಲ. ಪ್ರಮಾಣಪತ್ರ ಮಾತ್ರ ಇಬ್ಬರಿಗೂ ಒಂದೇ ಒಕ್ಕಣೆಯದು.

ಪ್ರವೇಶದ ಕ್ಯಾಲೆಂಡರ್ ಕೂಡ ಹಳಿ ತಪ್ಪಿತು. 2020ರ ಡಿಸೆಂಬರ್ 16ರಂದು ನೀಟ್ ಎಂಡಿಎಸ್ ಪರೀಕ್ಷೆ ನಡೆದು ಆ ತಿಂಗಳ ಕೊನೆಗೇ ಫಲಿತಾಂಶ ಬಂತು. ಕೌನ್ಸೆಲಿಂಗ್ ಮಾತ್ರ ತಿಂಗಳುಗಟ್ಟಲೆ ಶುರುವಾಗಲಿಲ್ಲ. ಅಭ್ಯರ್ಥಿಗಳು ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2021ರ ಆಗಸ್ಟ್ 20ರಿಂದ ಕೌನ್ಸೆಲಿಂಗ್ ಎಂದು ತಿಳಿಸಲಾಯಿತು. ಪಾಸಾದವರು ಎಂಟು ತಿಂಗಳು ಅತ್ತ ವಿದ್ಯಾರ್ಥಿಯೂ ಅಲ್ಲ, ಇತ್ತ ನಿಶ್ಚಿಂತೆಯಿಂದ ಪ್ರಾಕ್ಟೀಸಿಗೆ ಕೂರಲೂ ಆಗದೆ ಕಳೆದರು. ಕಾಲೇಜಿನಲ್ಲೂ ಇದರ ಪೆಟ್ಟು ಕಂಡಿತು. ಕಿರಿಯರ ಬ್ಯಾಚು ಬಾರದಿದ್ದರೆ ಅವರು ಮಾಡಬೇಕಾದ ಕೆಲಸವೂ ಹಿರಿಯರ ತಲೆಗೇ. ಹಿರಿಯರು ಪರೀಕ್ಷೆ ಬರೆದು ಹೊರಟುಹೋದರೆ ಅವರ ಅರ್ಧ ಮುಗಿದ ಕೇಸ್‌ಗಳನ್ನು ಒಪ್ಪಿಸಿಕೊಳ್ಳಲು ಜನವಿಲ್ಲ. ಸೀನಿಯರ್ ಪಕ್ಕದಲ್ಲಿ ನಿಂತು ನೋಡಿ ಜೂನಿಯರ್ ಕಲಿಯುವುದು ದಂತ ಕಾಲೇಜಿನ ನಿಜವಾದ ಬೋಧನಾ ಕ್ರಮ. ಬ್ಯಾಚುಗಳ ನಡುವೆ ಬಿದ್ದ ಈ ಕಂದಕ ಅದನ್ನೇ ಕಡಿಯಿತು.

ಹೀಗಿರುವಾಗ ಏನು ಮಾಡಬಹುದಿತ್ತು? ಬ್ರಿಟನ್ನಿನ ಉದಾಹರಣೆ ಇಲ್ಲಿ ಉಪಯುಕ್ತ. ಅಲ್ಲಿ ತಜ್ಞ ವೈದ್ಯರ, ದಂತವೈದ್ಯರ ತರಬೇತಿಯನ್ನು ವರ್ಷವರ್ಷ ಪರಿಶೀಲಿಸಿ ಒಂದು ಫಲಿತ ಬರೆಯುವ ಪದ್ಧತಿ ಇದೆ. 2020ರಲ್ಲಿ ಅದಕ್ಕೆ ಹತ್ತನೆಯ ನಂಬರಿನ ಹೊಸ ಫಲಿತವೊಂದನ್ನು ಸೇರಿಸಿದರು. ಈ ವ್ಯಕ್ತಿಯ ಪ್ರಗತಿ ಚೆನ್ನಾಗಿಯೇ ಇದೆ, ಆದರೆ ಬರಬೇಕಾದ ಕೆಲವು ಕೌಶಲಗಳು ಕೋವಿಡ್ ಕಾರಣಕ್ಕೆ ಬಂದಿಲ್ಲ ಎಂದು ದಾಖಲಿಸುವ ಫಲಿತ ಅದು. ಅದರಲ್ಲೂ ಎರಡು ಬಗೆ: ಹೆಚ್ಚಿನ ಅವಧಿ ಇಲ್ಲದೆಯೇ ಮುಂದೆ ತುಂಬಿಕೊಳ್ಳಬಹುದಾದ ಕೊರತೆ, ಹೆಚ್ಚಿನ ಅವಧಿ ಕೊಡಲೇಬೇಕಾದ ಕೊರತೆ. ಯಾರ ಮೇಲೂ ತಪ್ಪು ಹೊರಿಸದೆ ಕೊರತೆಯನ್ನು ಮಾತ್ರ ಬರೆದಿಡುವ ಕ್ರಮ ಇದು. ಸ್ಕಾಟ್ಲೆಂಡ್ ಪದವಿಪೂರ್ವ ಹಂತದಲ್ಲೇ ಇನ್ನೂ ಕಠಿಣವಾಗಿ ನಡೆದುಕೊಂಡಿತು. ರೋಗಿಗಳ ಮೇಲಿನ ಕೆಲಸ ಸಾಲದೆಂದು 2021ರ ಅಂತಿಮ ವರ್ಷದ ದಂತ ವಿದ್ಯಾರ್ಥಿಗಳ ಪದವಿಯನ್ನು ಒಂದು ವರ್ಷ ಮುಂದೂಡಿತು, ಜೊತೆಗೆ ಸರ್ಕಾರವೇ 6,750 ಪೌಂಡ್ ಸಹಾಯಧನ ಕೊಟ್ಟಿತು. ನಮ್ಮಲ್ಲಿ ಚರ್ಚೆಯಾದದ್ದು ಪರೀಕ್ಷೆ ನಡೆಸಬೇಕೋ ಬೇಡವೋ ಎಂಬುದರ ಬಗ್ಗೆ. ಪರೀಕ್ಷೆಯಿಲ್ಲದೆ ತೇರ್ಗಡೆ ಮಾಡಿ ಎಂದು ಕೇಳಿದ ಸ್ನಾತಕೋತ್ತರ ವೈದ್ಯರ ಮನವಿಯನ್ನು 2021ರ ಜೂನ್ 18ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ರೋಗಿಗಳ ಜೀವ ಅವರ ಕೈಯಲ್ಲಿರುವಾಗ ಹಾಗೆ ಬಿಡಲಾಗದು ಎಂಬುದು ಅದರ ನಿಲುವು. ನಿಲುವು ಸರಿಯಾದದ್ದೇ. ಆದರೆ ಅದೇ ತರ್ಕವನ್ನು ಒಂದು ಹೆಜ್ಜೆ ಮುಂದೆ ಒಯ್ದರೆ, ಪರೀಕ್ಷೆಗೆ ಮೊದಲಿನ ಮೂರು ವರ್ಷದಲ್ಲಿ ಏನಾಯಿತು ಎಂದೂ ಕೇಳಬೇಕಾಗುತ್ತದೆ. ಎರಡು ಮೂರು ದಿನದ ಪರೀಕ್ಷೆಯಲ್ಲಿ ಒಬ್ಬಿಬ್ಬರು ರೋಗಿಗಳ ಮೇಲೆ ತೋರಿಸುವ ಕೆಲಸ, ನೂರಾರು ರೋಗಿಗಳ ಮೇಲೆ ಆಗಬೇಕಿದ್ದ ಅಭ್ಯಾಸಕ್ಕೆ ಸಾಕ್ಷಿಯಾಗಲಾರದು.

ಆನ್‌ಲೈನ್ ತರಗತಿಗಳು ನಡೆದವಲ್ಲ ಎಂಬುದು ಮೊದಲು ಬರುವ ಆಕ್ಷೇಪ. ನಿಜ, ಸೆಮಿನಾರ್, ಜರ್ನಲ್ ಕ್ಲಬ್, ದೇಶವಿದೇಶದ ಪ್ರಾಧ್ಯಾಪಕರ ವೆಬಿನಾರ್‌ಗಳು ಹಿಂದೆಂದೂ ಇಲ್ಲದಷ್ಟು ನಡೆದವು. ಓದಿನ ಮಟ್ಟಿಗೆ ಆ ಬ್ಯಾಚುಗಳು ಹಿಂದೆ ಬಿದ್ದಿವೆ ಎನ್ನಲು ಕಾರಣವಿಲ್ಲ, ಬೇಕಾದರೆ ಮುಂದೆಯೇ ಇದ್ದಾವು. ಕೃತಕ ದವಡೆ ಕೂರಿಸಿದ ತಲೆಬುರುಡೆಯ ಮಾದರಿಗಳ ಮೇಲೆ, ಕಿತ್ತ ಹಲ್ಲುಗಳ ಮೇಲೆ ಅಭ್ಯಾಸ ಮಾಡಲೂಬಹುದು, ಮಾಡಲೇಬೇಕು. ಆದರೆ ಮಾದರಿ ದವಡೆಗೆ ನಾಲಿಗೆ ಅಡ್ಡ ಬರುವುದಿಲ್ಲ, ಜೊಲ್ಲು ತುಂಬುವುದಿಲ್ಲ, ಅರಿವಳಿಕೆ ಹಿಡಿಯದೆ ನೋವಾಗುವುದಿಲ್ಲ, ಸಕ್ಕರೆ ಕಾಯಿಲೆ ಇರುವುದಿಲ್ಲ, ನಾಳೆ ಬರುತ್ತೇನೆಂದು ಹೇಳಿ ಬಾರದೆ ಇರುವುದೂ ಇಲ್ಲ. ತಜ್ಞತೆ ಬೇಕಾಗುವುದು ಇವೆಲ್ಲ ಒಟ್ಟಿಗೆ ಬಂದಾಗಲೇ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಖಾಸಗಿ ಕಾಲೇಜಿನ ಎಂಡಿಎಸ್ ಸೀಟಿಗೆ ಲಕ್ಷಾಂತರ ರೂಪಾಯಿ. ಸಾಲ ಮಾಡಿ ಓದಿಸಿದ ಮನೆಗೆ, ಮೂವತ್ತರ ಹತ್ತಿರ ಬಂದ ಮಕ್ಕಳಿಗೆ ಇನ್ನೂ ಆರು ತಿಂಗಳು ಅಥವಾ ಒಂದು ವರ್ಷ ಎಂದರೆ ಅದು ಯಾರದೋ ತಪ್ಪಿಗೆ ಇನ್ಯಾರಿಗೋ ಶಿಕ್ಷೆ. ಈ ಮಾತು ಒಪ್ಪತಕ್ಕದ್ದು. ಆದ್ದರಿಂದಲೇ ಎಲ್ಲರ ಕೋರ್ಸನ್ನೂ ಒಂದೇ ಅಳತೆಯಲ್ಲಿ ಎಳೆಯುವುದು ಪರಿಹಾರವಲ್ಲ. ಯಾರಿಗೆ ಯಾವುದು ಕಡಿಮೆಯಾಗಿದೆ ಎಂದು ಒಬ್ಬೊಬ್ಬರ ಲಾಗ್‌ಬುಕ್ ಹಿಡಿದು ನೋಡಿ, ಕಡಿಮೆಯಾದವರಿಗೆ ಅಷ್ಟನ್ನು ಮಾತ್ರ, ಶುಲ್ಕವಿಲ್ಲದೆ, ಸ್ಟೈಪೆಂಡ್ ಸಹಿತ ಒದಗಿಸಬೇಕು. ಅದು ಕಾಲೇಜಿನ ಹಾಲ್‌ನಲ್ಲೇ ಆಗಬೇಕೆಂದೇನೂ ಇಲ್ಲ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ದಂತ ವಿಭಾಗಗಳಿವೆ, ಅಲ್ಲಿ ತಜ್ಞರ ಕೊರತೆಯೂ ಇದೆ, ರೋಗಿಗಳಿಗೆ ಕೊರತೆಯಿಲ್ಲ. ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ಅಲ್ಲಿ ಕಳೆಯುವ ಕೆಲವು ತಿಂಗಳು ಆ ವೈದ್ಯರಿಗೂ, ಊರಿಗೂ ಉಪಕಾರ. ಪೀಣ್ಯ, ನಾಗಸಂದ್ರದಂಥ ಕಾರ್ಮಿಕ ಬಡಾವಣೆಗಳಲ್ಲಿ ಕಾಲೇಜುಗಳು ಉಪಕೇಂದ್ರ ತೆರೆದರೆ ರೋಗಿ ಕಾಲೇಜನ್ನು ಹುಡುಕಿಕೊಂಡು ಹೋಗುವ ಬದಲು ಕಲಿಕೆಯೇ ರೋಗಿಯ ಹತ್ತಿರಕ್ಕೆ ಬರುತ್ತದೆ. ಸಮುದಾಯ ದಂತ ಆರೋಗ್ಯ ವಿಭಾಗಗಳು ಇಂಥ ಕೆಲಸ ಮಾಡಿ ಪಳಗಿರುವವೇ. ಒಂದೋ ಎರಡೋ ಚೇರ್ ಇರುವ ಸಣ್ಣ ಕೋಣೆ ಸೋಂಕಿನ ಕಾಲದಲ್ಲೂ ಐವತ್ತು ಚೇರ್‌ನ ಹಾಲ್‌ಗಿಂತ ಸುರಕ್ಷಿತ.

ಮೂರನೆಯ ಮಾತು, ಆ ಕಾಲದಲ್ಲಿ ಓದಿದವರೆಲ್ಲ ಈಗ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದಾರೆ, ಇಲ್ಲದ ಅನುಮಾನ ಹುಟ್ಟಿಸುವುದೇಕೆ ಎಂಬುದು. ಅವರಲ್ಲಿ ಬಹಳ ಮಂದಿ ಪ್ರಾಕ್ಟೀಸಿನಲ್ಲಿ ತಮ್ಮ ಸ್ವಂತ ಶ್ರಮದಿಂದ ಆ ಕಂದಕ ತುಂಬಿಕೊಂಡಿದ್ದಾರೆ ಎಂಬುದರಲ್ಲಿ ಸಂದೇಹ ಬೇಡ. ಈ ಲೇಖನದ ದೂರು ಅವರ ಮೇಲೆ ಅಲ್ಲವೇ ಅಲ್ಲ. ಆದರೆ ತುಂಬಿಕೊಂಡದ್ದು ಯಾರ ಬಾಯಿಯಲ್ಲಿ? ಪಕ್ಕದಲ್ಲಿ ತಿದ್ದುವ ಅಧ್ಯಾಪಕರಿಲ್ಲದೆ, ಪೂರ್ತಿ ಹಣ ಕೊಟ್ಟ ರೋಗಿಯ ಬಾಯಿಯಲ್ಲಿ. ಜೊತೆಗೆ, ದಂತ ಚಿಕಿತ್ಸೆಯ ತಪ್ಪು ತಕ್ಷಣ ಕಾಣುವಂಥದ್ದಲ್ಲ. ಬಿಟ್ಟುಹೋದ ನಾಲ್ಕನೆಯ ನಾಳ, ಬೇಗ ಬಿಚ್ಚಿದ ತಂತಿ ಮೂರು, ಐದು ವರ್ಷಗಳ ಮೇಲೆ ಬಣ್ಣ ತೋರಿಸುತ್ತವೆ. ಅಷ್ಟರಲ್ಲಿ ರೋಗಿ ಬೇರೆ ಡಾಕ್ಟರ ಹತ್ತಿರ ಹೋಗಿರುತ್ತಾನೆ. ಅಳೆಯುವ ಏರ್ಪಾಟೇ ಇಲ್ಲದಲ್ಲಿ ದೂರು ಬಂದಿಲ್ಲವೆಂಬುದು ಪುರಾವೆ ಆಗುವುದಿಲ್ಲ. ಇನ್ನೊಂದು ವಿಷಯವಿದೆ. ಎಂಡಿಎಸ್ ಮುಗಿಸಿದವರು ನೇರವಾಗಿ ದಂತ ಕಾಲೇಜಿನ ಅಧ್ಯಾಪಕರಾಗಬಹುದು. 2021, 2022ರಲ್ಲಿ ಹೊರಬಂದವರಲ್ಲಿ ಹಲವರು ಇಂದು ಬೋಧಿಸುತ್ತಿದ್ದಾರೆ. ತಮಗೆ ಹೇಳಿಕೊಡಲು ಯಾರೂ ಪಕ್ಕದಲ್ಲಿ ನಿಲ್ಲದ ಪಾಠವನ್ನು ಅವರು ಇನ್ನೊಬ್ಬರ ಪಕ್ಕದಲ್ಲಿ ನಿಂತು ಹೇಳಿಕೊಡಬೇಕಾಗಿದೆ. ಇದೇ ಕಾರಣಕ್ಕೆ ಪಿಡುಗು ಮುಗಿದ ಮೇಲೂ ಈ ಪ್ರಶ್ನೆ ಮುಗಿಯುವುದಿಲ್ಲ.

ಕೇಸ್‌ಗಳ ಸಂಖ್ಯೆಯ ನಿಯಮ ಮೊದಲೇ ಇತ್ತಲ್ಲ, ಅದನ್ನು ಪುಸ್ತಕದಲ್ಲಿ ತುಂಬಿಸಿ ಸಹಿ ಹಾಕಿಸುವುದು ಕಷ್ಟವೇ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಐವತ್ತು ಎಂದು ಬರೆದ ಕೂಡಲೇ ಐವತ್ತು ಕಲಿತಂತೆ ಆಗುವುದಿಲ್ಲ. ಒಬ್ಬರಿಗೆ ಇಪ್ಪತ್ತರಲ್ಲಿ ಬರುವುದು ಇನ್ನೊಬ್ಬರಿಗೆ ಎಪ್ಪತ್ತರಲ್ಲೂ ಬಾರದಿರಬಹುದು. ಹಾಗಾಗಿ ಎಣಿಕೆಯ ಜೊತೆಗೆ ನೋಟ ಬೇಕು. ಶುರು ಮಾಡಿ ಮುಗಿಸಿದ ಕೇಸ್‌ನ ಮೊದಲ, ನಡುವಿನ, ಕೊನೆಯ ಎಕ್ಸ್‌ರೇ ಮತ್ತು ಫೋಟೊಗಳನ್ನು ಬೇರೆ ಕಾಲೇಜಿನ ಪರೀಕ್ಷಕರು ವರ್ಷಕ್ಕೊಮ್ಮೆ ನೋಡಬೇಕು. ವಿದ್ಯಾರ್ಥಿ ಕೆಲಸ ಮಾಡುವುದನ್ನು ಅಧ್ಯಾಪಕರು ಪಕ್ಕದಲ್ಲಿ ಕೂತು ನೋಡಿ, ಇದು ಸ್ವತಂತ್ರವಾಗಿ ಮಾಡಬಲ್ಲರು, ಇದಕ್ಕೆ ಇನ್ನೂ ಸಹಾಯ ಬೇಕು ಎಂದು ಬರೆಯಬೇಕು. ಕೊನೆಯ ವರ್ಷ ಒಮ್ಮೆ ಪರೀಕ್ಷೆ ಮಾಡುವುದಕ್ಕಿಂತ ಇದು ಶ್ರಮದ ಕೆಲಸ, ಅಧ್ಯಾಪಕರ ಸಮಯವನ್ನೂ ಹೆಚ್ಚು ಬೇಡುತ್ತದೆ. ಇದನ್ನು ತಪ್ಪಿಸಿಕೊಂಡು ಹೋಗುವ ದಾರಿ ಮಾತ್ರ ಕಾಣುವುದಿಲ್ಲ.

ದಂತ ವೈದ್ಯಕೀಯ ಹಿಂದೊಮ್ಮೆ ಒಂದು ಪಿಡುಗಿನಿಂದ ಪೂರ್ತಿ ಬದಲಾದದ್ದುಂಟು. 1980ರ ದಶಕದ ತನಕ ಬರಿಗೈಯಲ್ಲಿ ಬಾಯೊಳಗೆ ಬೆರಳಿಟ್ಟು ಕೆಲಸ ಮಾಡುವುದು ಲೋಕದ ಎಲ್ಲೆಡೆ ರೂಢಿ. ಎಚ್‌ಐವಿ ಬಂದ ಮೇಲೆ, 1986ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ದಂತ ಚಿಕಿತ್ಸೆಗೆಂದೇ ಸೋಂಕು ತಡೆಯ ಶಿಫಾರಸು ಹೊರಡಿಸಿತು. ಗ್ಲೌಸು, ಮಾಸ್ಕು, ಪ್ರತಿ ರೋಗಿಗೂ ಉಪಕರಣವನ್ನು ಒತ್ತಡದ ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ಕ್ರಮೇಣ ಎಲ್ಲ ಕಡೆ ಕಡ್ಡಾಯವಾದವು. ಗ್ಲೌಸ್ ಹಾಕಿಕೊಂಡರೆ ಬೆರಳಿಗೆ ಸ್ಪರ್ಶ ತಿಳಿಯುವುದಿಲ್ಲ ಎಂದು ಆಗಲೂ ಗೊಣಗಿದವರಿದ್ದರು. ಇಂದು ಬರಿಗೈಯ ದಂತವೈದ್ಯರನ್ನು ಕಲ್ಪಿಸಿಕೊಳ್ಳಲೂ ಆಗದು. ಕೋವಿಡ್ ಅಂಥದ್ದೇ ಬದಲಾವಣೆಗೆ ಅವಕಾಶ ಕೊಟ್ಟಿತ್ತು: ಕ್ಲಿನಿಕ್ ಹಾಲ್‌ಗಳಿಗೆ ಗಾಳಿ ಹೋಗಿಬರುವ ವ್ಯವಸ್ಥೆ, ತುಂತುರೇಳುವ ಕೆಲಸಗಳಿಗೆ ಬಾಗಿಲಿರುವ ಪ್ರತ್ಯೇಕ ಕೋಣೆಗಳು, ರಬ್ಬರ್ ಡ್ಯಾಮನ್ನು ಪರೀಕ್ಷೆಯ ದಿನಕ್ಕೆ ಮಾತ್ರ ಎತ್ತಿಡದೆ ನಿತ್ಯ ಬಳಸುವ ಅಭ್ಯಾಸ. ಇವುಗಳಿಗೆ ಖರ್ಚಿದೆ, ಆದರೆ ಕಾಲೇಜಿಗೆ ಮಾನ್ಯತೆ ಕೊಡುವಾಗ ಚೇರ್‌ಗಳ ಸಂಖ್ಯೆ ಎಣಿಸುವವರು ಅವುಗಳ ನಡುವಿನ ಗಾಳಿಯನ್ನೂ ಪರಿಶೀಲಿಸಬಹುದು.

ನಿಯಮ ಬರೆಯಲು ಇದು ಸಕಾಲವೂ ಹೌದು. 1948ರ ದಂತವೈದ್ಯರ ಕಾಯ್ದೆಯ ಜಾಗಕ್ಕೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ತಂದಿದೆ. ಎಂಡಿಎಸ್‌ಗೆ ಎಷ್ಟು ವರ್ಷ, ಎಷ್ಟು ಹಾಜರಿ, ಪ್ರಬಂಧ ಯಾವಾಗ ಒಪ್ಪಿಸಬೇಕು ಎಂಬುದೆಲ್ಲ ದಂತ ಪರಿಷತ್ತಿನ 2017ರ ನಿಯಮಾವಳಿಯಲ್ಲಿ ವಿವರವಾಗಿ ಇದೆ. ಪಿಡುಗು, ಪ್ರವಾಹ, ಯುದ್ಧ ಯಾವುದೇ ಕಾರಣಕ್ಕೆ ಬೋಧನಾ ಕ್ಲಿನಿಕ್ಕುಗಳು ಇಂತಿಷ್ಟು ವಾರಕ್ಕಿಂತ ಹೆಚ್ಚು ಮುಚ್ಚಿದರೆ ಪ್ರತಿ ವಿದ್ಯಾರ್ಥಿಯ ಕೆಲಸದ ಪುಸ್ತಕವನ್ನು ಹೊರಗಿನ ಪರೀಕ್ಷಕರು ತೆರೆದು ನೋಡತಕ್ಕದ್ದು, ಕಂಡ ಕೊರತೆಯನ್ನು ವಿದ್ಯಾರ್ಥಿಯ ದೋಷವೆಂದು ಎಣಿಸದೆ ದಾಖಲಿಸತಕ್ಕದ್ದು, ಅದನ್ನು ತುಂಬುವ ಅವಧಿಗೆ ಕಾಲೇಜು ಶುಲ್ಕ ಕೇಳತಕ್ಕದ್ದಲ್ಲ ಎಂಬ ಒಂದು ಕಲಮು ಹೊಸ ನಿಯಮಾವಳಿಯಲ್ಲಿ ಸೇರಬೇಕು. ಅದನ್ನು ಬರೆಯುವಾಗ ಒಂಬತ್ತು ವಿಭಾಗದವರನ್ನೂ ಬೇರೆ ಬೇರೆ ಕೂರಿಸಿ ಕೇಳಬೇಕು. ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಆರು ವಾರ ಮುಚ್ಚಿದರೆ ಆಗುವ ನಷ್ಟ ಬೇರೆ. ತಿಂಗಳಿಗೊಮ್ಮೆ ತಂತಿ ತಿದ್ದುತ್ತಾ ಎರಡು ವರ್ಷ ಒಬ್ಬನೇ ರೋಗಿಯನ್ನು ನೋಡಬೇಕಾದ ವಿಭಾಗಕ್ಕೆ ಆಗುವ ನಷ್ಟ ಬೇರೆ.